ಮೇಷ್ಟ್ರ ಬ್ಯಾಂಡಿನ ಮೂವರು ಡ್ರಮ್ಮಿನವರು

ಊರೂರು ಸುತ್ತುವ ಬ್ಯಾಂಡ್‌ಸೆಟ್ಟಿನವನಿಗೆ ದಿಗಿಲು ಬೀಳುವುದು ಮದುವೆಮನೆಯ ಎಲೆಯಡಿಕೆ ಇದ್ದಹಾಗೆ. ಬೇಡ ಅಂದರೂ ಕೈಗಿಡುತ್ತಾರೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದ ನಾನು, ಕಾಲಲ್ಲಿ ಚಕ್ರ ಇದ್ದದ್ದಕ್ಕೆ, ಎಪ್ಪತ್ತರ ದಶಕದ ಕೊನೆಯಲ್ಲಿ ಮಧುಗಿರಿಯ ಒಂದು ಬ್ಯಾಂಡಿಗೆ ತಾಳ ಹಾಕುವವನಾಗಿ ಸೇರಿಕೊಂಡೆ. ಈಗಿನ ಹುಡುಗರು ಯಾವುದೋ ಹೆವಿ ಮೆಟಲ್ ಬ್ಯಾಂಡಿನ ಹಳೇ ಡ್ರಮ್ಮರ್ ಹೆಚ್ಚೋ ಹೊಸಬ ಹೆಚ್ಚೋ ಅಂತ ಕಿತ್ತಾಡುತ್ತಾರೆ. ನಮ್ಮದೂ ಹೆವಿ ಮೆಟಲ್ಲೇ, ಅಷ್ಟೂ ಹಿತ್ತಾಳೆ. ಜಗಳವೂ ಅದೇ.

ನಮ್ಮ ಹಳೇ ಡ್ರಮ್ಮಿನವರು ಕಿವಿ ಮಂದವಾಗಿ ಬಿಟ್ಟುಹೋದರು. ಕ್ಲಾರಿನೆಟ್ ಊದುತ್ತಿದ್ದ ಮೇಷ್ಟ್ರು ನಮ್ಮನ್ನೆಲ್ಲ ಕೂರಿಸಿಕೊಂಡು, "ಪಾವಗಡದ ಸಾಹುಕಾರ್ರ ಮಗಳ ಮದುವೆ ಹೊತ್ಗೆ ಒಳ್ಳೆ ಡ್ರಮ್ಮಿನೋನು ಸಿಕ್ಕಬೇಕು. ಅಲ್ಲಿ ಮರ್ಯಾದೆ ಹೋಯ್ತೋ, ಇಷ್ಟೂ ಹಿತ್ತಾಳೇನ ಪಾತ್ರೆ ಅಂಗ್ಡೀಗೆ ತೂಕಕ್ಕೆ ಹಾಕ್ಬುಡ್ತೀನಿ" ಅಂದರು. ನನ್ನ ತಾಳವೂ ತೂಕಕ್ಕೆ!

ಬೆಟ್ಟದ ಮೇಲೆ ಬಿದ್ದವನು

ಮೊದಲು ಸಿಕ್ಕಿದವನು ಮದಲೂರು ಕಡೆಯ ಕುರಿಕಾಯುವ ಮನೆಯವನು. ಎಲ್ಲಾ ತೋಳಿನ ಕೆಲಸ. ಅವನು ಒಂದು ಏಟು ಹಾಕಿದರೆ ಪಕ್ಕದಲ್ಲಿದ್ದ ನನ್ನ ಹಲ್ಲು ಅಲುಗುತ್ತಿತ್ತು. ಮಧುಗಿರಿ ಪೇಟೆಯಲ್ಲಿ ಮೆರವಣಿಗೆ ಹೊರಟಿತು. ಇವನು ಢಂ ಢಂ ಅಂದ. ಎದುರಿನ ಬೋಳುಬೆಟ್ಟವೂ ಢಂ ಢಂ ಅಂದಿತು. ಆ ಬೆಟ್ಟದ ಬುಡಕ್ಕೆ ಇವನು ಬಂದದ್ದು ಅದೇ ಮೊದಲು.

"ಯಾವನ್ಲಾ ಅವ್ನು, ನನ್ನ ಏಟು ಕದೀತಾವ್ನೆ?" ಎಂದು ಬೆಟ್ಟದ ಕಡೆ ತಿರುಗಿ ನಿಂತ.

ಮೆರವಣಿಗೆ ಛತ್ರ ಮುಟ್ಟಿತು. ನೋಡಿದರೆ ಡ್ರಮ್ಮೇ ಇಲ್ಲ. ದಿಕ್ಕೆಟ್ಟು ವಾಪಸ್ ಓಡಿದೆ. ಅಲ್ಲೇ ನಿಂತಿದ್ದ ಅವನ ಅಂಗಿಯೆಲ್ಲ ಒದ್ದೆ, ಕಣ್ಣು ಕೆಂಪು, ಇನ್ನೂ ಬೆಟ್ಟದ ಜೊತೆ ಯುದ್ಧ ನಡೆದಿತ್ತು.

"ಬಾರ್ಲಾ, ಎಲ್ರೂ ಊಟಕ್ಕೆ ಕೂತವ್ರೆ!"

"ನೀನು ಹೋಗಣ್ಣ. ಮೊದ್ಲು ಅವ್ನು ನಿಲ್ಲಿಸ್ಲಿ."

ಜೋಗುಳದವನು

ಎರಡನೆಯವನು ಕೊರಟಗೆರೆಯ ಭಜನೆ ಮಂಡಳಿಯವನು. ಇವನದು ಬೆರಳ ತುದಿಯ ಕೆಲಸ. ಡ್ರಮ್ಮನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದಕ್ಕೆ ನೋವಾದೀತೇನೋ ಅನ್ನುವ ಹಾಗೆ ಬಾರಿಸುತ್ತಿದ್ದ. ಗೊರವನಹಳ್ಳಿ ಹತ್ತಿರ ಒಂದು ಮದುವೆ. ಊಟ ಮುಗಿಸಿ ಸುಡುಬಿಸಿಲಲ್ಲಿ ಮೆರವಣಿಗೆ. ಇವನ ಪೆಟ್ಟಿಗೆ ಜನ ಕುಣಿಯುವುದಿರಲಿ, ತೂಕಡಿಸತೊಡಗಿದರು. ಹಿಂದೆ ಗಂಡಿನ ಕಾರು ಮೆಲ್ಲಗೆ ಬರುತ್ತಿತ್ತು. ಡ್ರೈವರನಿಗೂ ಜೊಂಪು ಹತ್ತಿ, ಕಾರು ಸೀದಾ ಬಂದು ಮೇಷ್ಟ್ರ ಬೆನ್ನಿಗೆ ಆತುಕೊಂಡಿತು. ಕ್ಲಾರಿನೆಟ್ಟು "ಕೀಂಯ್" ಅಂತ ಕಿರುಚಿದಾಗಲೇ ಎಲ್ಲರಿಗೂ ಎಚ್ಚರ. ನಾವು ಹೌಹಾರಿ ಮೇಷ್ಟ್ರನ್ನು ಎತ್ತುತ್ತಿದ್ದರೆ, ಒಬ್ಬ ಅಜ್ಜಿ ಡ್ರಮ್ಮಿನವನ ಕೈ ಹಿಡಿದುಕೊಂಡಿತು:

"ಸಂಜೆ ನಮ್ಮನೆ ಕಡೆ ಬಂದೋಗಪ್ಪ. ಮೊಮ್ಮಗ ನಿದ್ದೇನೇ ಮಾಡಾಕಿಲ್ಲ."

ಚಾಲು

ಪಾವಗಡದ ಮದುವೆ ಹತ್ತಿರ ಬಂದಾಗ ಸಿರಾದವನು ಸಿಕ್ಕಿದ. ಮೊದಲನೆಯವನ ತೋಳು, ಎರಡನೆಯವನ ಬೆರಳು, ಎರಡೂ ಇವನಲ್ಲಿದ್ದವು. ಮನೆಮಾತು ಉರ್ದು. ಮೇಷ್ಟ್ರು "ಚಾಲೂ" ಅಂದರೆ ಶುರು ಮಾಡುತ್ತಿದ್ದ. ಬಾರಿಸುವಾಗ ಇನ್ನೊಮ್ಮೆ "ಚಾಲೂ" ಅಂದರೆ ಇನ್ನೂ ಜೋರು. ಮೇಷ್ಟ್ರಿಗೆ ಜೀವ ಬಂದಿತ್ತು.

ಪಾವಗಡದಲ್ಲಿ ಎಲ್ಲಾ ತೆಲುಗು. ಮದುಮಗ ತಾಳಿ ಹಿಡಿದು ಕೂತಿದ್ದ. ನಮ್ಮವನು ಹದವಾಗಿ ಬಾರಿಸುತ್ತಿದ್ದ. ಅಷ್ಟರಲ್ಲಿ ಗಂಡಿನ ಅಪ್ಪ ಎದ್ದು, ಸ್ಕೂಟರಿನ ಮಾತು ಮುಗಿಯದೆ ತಾಳಿ ಕಟ್ಟಿಸುವುದಿಲ್ಲ ಎಂದು ತಕರಾರು ತೆಗೆದರು. ಡ್ರಮ್ಮಿನ ಸದ್ದಿಗೆ ಹೆಣ್ಣಿನ ಅಪ್ಪ ಸಾಹುಕಾರರಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. ನಮ್ಮ ಕಡೆ ಕೈ ಬೀಸಿ ಕೂಗಿದರು:

"ಚಾಲು! ಚಾಲು!"

ತೆಲುಗಿನಲ್ಲಿ ಹಾಗಂದರೆ "ಸಾಕು, ನಿಲ್ಲಿಸು" ಅಂತ. ನಮ್ಮವನು ಕೋಲು ಬಿಗಿಹಿಡಿದು ಜೋರು ಮಾಡಿದ. ಸಾಹುಕಾರರು ಇನ್ನೂ ಗಟ್ಟಿಯಾಗಿ "ಚಾಲು!" ಅಂದರು. ಇವನು ಇನ್ನೂ ಜೋರು. ಚಪ್ಪರವೇ ನಡುಗಿತು. ಗಟ್ಟಿಮೇಳ ಅಂದುಕೊಂಡ ಮದುಮಗ ತಟಕ್ಕನೆ ತಾಳಿ ಕಟ್ಟಿಬಿಟ್ಟ! ಜನ ಅಕ್ಷತೆ ಎರಚಿದರು. ಗಂಡಿನ ಅಪ್ಪನ ಬಾಯಿ "ಸ್ಕೂ" ಅನ್ನುವಲ್ಲೇ ನಿಂತಿತು.

ಮೇಷ್ಟ್ರು "ಹೋಯ್ತು ಹಿತ್ತಾಳೆ" ಎಂದು ಹಾರಿ ಇವನ ಕೈ ಹಿಡಿದರು. "ಲೇ, ಇಲ್ಲಿ ಚಾಲು ಅಂದ್ರೆ ಸಾಕು ಅಂತ ಕಣ್ಲಾ!"

ಡ್ರಮ್ಮು ನಿಂತಿತು. ನಿಂತದ್ದೇ ತಡ, ಗಂಡಿನ ಅಪ್ಪ ಮತ್ತೆ "ಸ್ಕೂಟರು..." ಎಂದು ಬಾಯಿ ತೆಗೆದರು. ಸಾಹುಕಾರರು ಪಂಚೆ ಎತ್ತಿಕೊಂಡು ನಮ್ಮತ್ತ ಓಡಿಬಂದರು:

"ಚಾಲದು! ಚಾಲದು!"

ಸಾಲದು, ಇನ್ನೂ ಬಾರಿಸು ಅಂತ. ಈಗಷ್ಟೇ ತೆಲುಗು ಕಲಿತಿದ್ದ ನಮ್ಮವನು ಗತ್ತಿನಿಂದ ಡ್ರಮ್ಮು ಕಳಚಿ ಕೆಳಗಿಟ್ಟು ಕೈಮುಗಿದ. "ಗೊತ್ತಾಯ್ತು ಸಾಹೇಬ್. ಸಾಕು ಅಂದ್ರಲ್ಲಾ, ನಿಲ್ಲಿಸ್ದೆ."

ಸಾಹುಕಾರರು ಅವನನ್ನು ಆಚೆ ತಳ್ಳಿ, ರೇಷ್ಮೆ ಶಲ್ಯದ ಮೇಲೇ ಡ್ರಮ್ಮು ನೇತುಹಾಕಿಕೊಂಡು, ಬೀಗರ ಮುಖದ ಮುಂದೆಯೇ ನಿಂತು ಬಾರಿಸತೊಡಗಿದರು. ಬೀಗರು ಎಡಕ್ಕೆ ಸರಿದರೆ ಇವರೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ನಾನು ತಾಳ ಹಾಕುವುದನ್ನೂ ಮರೆತು ಬಾಯಿಬಿಟ್ಟು ನಿಂತಿದ್ದೆ.

ಮೇಷ್ಟ್ರು ಕ್ಲಾರಿನೆಟ್ಟು ಎತ್ತಿಕೊಳ್ಳುತ್ತಾ ನನ್ನ ಪಕ್ಕೆಗೆ ತಿವಿದರು.

"ತಾಳ ಹಾಕ್ಲಾ, ಹಿತ್ತಾಳೆ ಉಳೀತು! ಆ ಮೂವರಿಗಿಂತ್ಲೂ ಇವ್ರ ಕೈಯೇ ವಾಸಿ."