ಅಪ್ರಾಕು ಮೇಷ್ಟ್ರು ಎಳೆದ ಗೆರೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಪ್ರಾಕು ಮೇಷ್ಟ್ರು ಎಳೆದ ಒಂದು ಗೆರೆ.

ಕುಮಾಸಿ ಪಟ್ಟಣದ ಬಂತಾಮ ಬಡಾವಣೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ‘ನೂರು ವರ್ಷ ಬಾಳುವ ಬಗೆ’ ಎಂಬ ಪುಸ್ತಕ ಬರೆದು ಸರ್ಪಾಂಗನ ಅಚ್ಚುಕೂಟಕ್ಕೆ ಕೊಟ್ಟು ಆರು ವರ್ಷವಾಗಿತ್ತು. ಸಾಯುವುದರೊಳಗೆ ಅದನ್ನೊಮ್ಮೆ ಕೈಯಲ್ಲಿ ಹಿಡಿಯಬೇಕು, ಅಷ್ಟೇ ಅವರ ಆಸೆ. ಪ್ರತಿ ವಾರ ಹೋಗಿ ವಿಚಾರಿಸುತ್ತಿದ್ದರು. ಸರ್ಪಾಂಗನದು ಯಾವಾಗಲೂ ಒಂದೇ ರಾಗ.

“ಮೇಷ್ಟ್ರೇ, ಶನಿವಾರ ಬಂತು ಅಂದ್ರೆ ಊರ ತುಂಬ ಸತ್ತೋರ ಕಾರ್ಯ. ಸತ್ತೋರ ಪುಸ್ತಕ ಮೊದಲು ಆಗ್ಬೇಕು. ನೀವು ಗಟ್ಟಿಮುಟ್ಟಾಗಿದೀರ, ಕಾಯಬಹುದು.”

ಅವನು ಹೇಳುವುದೇನೂ ಸುಳ್ಳಲ್ಲ. ಯಾರಾದರೂ ಕಣ್ಮುಚ್ಚಿದರೆ ಗೋಡೆಗೆ ಅಂಟಿಸುವ ಚಿತ್ರ, ಬದುಕಿನ ಕತೆ, ಮಕ್ಕಳ ನುಡಿನಮನ ಎಲ್ಲ ಬಣ್ಣಬಣ್ಣದಲ್ಲಿ ಮೂರೇ ದಿನಕ್ಕೆ ತಯಾರು. ಬದುಕಿರುವವರ ಪುಸ್ತಕಗಳು ಮಾತ್ರ ಹಿಂದಿನ ಕಪಾಟಿನಲ್ಲಿ ಗೆದ್ದಲಿನ ಸಹವಾಸದಲ್ಲಿರುತ್ತಿದ್ದವು.

ಕಾಯುವ ಸಂಕಟ ಮರೆಯಲು ಮೇಷ್ಟ್ರು ತಿದ್ದುತ್ತಾ ಕೂತರು. ಮುನ್ನುಡಿಯನ್ನು ನಾಲ್ಕು ಸಲ ಬದಲಾಯಿಸಿದರು. ಅರ್ಪಣೆ ಹೆಂಡತಿಗೆ ಎಂದು ಬರೆದು, ಜಗಳವಾಗಿ, ಅಕ್ಕನಿಗೆ ಎಂದು ತಿದ್ದಿದರು. ಈ ವಾರ ಹಿಂಬದಿಗೆ ತಮ್ಮದೊಂದು ಚಿತ್ರ ಬೇಕೆನ್ನಿಸಿತು. ಇದ್ದ ಒಳ್ಳೆಯ ಚಿತ್ರ ಒಂದೇ. ಅಕ್ಕ ತೀರಿಕೊಂಡಾಗ ಕಪ್ಪು ಬಟ್ಟೆ ಹೊದ್ದು ಕೂತಿದ್ದು. ಅದರ ಕೆಳಗೆ, ದೊಡ್ಡ ಲೇಖಕರ ಪುಸ್ತಕಗಳಲ್ಲಿ ಕಂಡಂತೆ, ‘1951’ ಎಂದು ಬರೆದು ಮುಂದೊಂದು ಗೆರೆ ಎಳೆದರು. ಗೆರೆಯ ಆಚೆಗಿನದನ್ನು ದೇವರಿಗೆ ಬಿಟ್ಟರು.

ಆದರೆ ದೇವರಿಗಿಂತ ಮೊದಲು ಅದು ಅಚ್ಚುಕೂಟದ ಹೊಸ ನೌಕರನ ಕೈಗೆ ಸಿಕ್ಕಿತು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಮೆಕ್ಕೆಜೋಳದ ಕೆಂಕಿ ಉಂಡೆ ಮಾರುವ ಸೆರ್ವಾಳ ಅಂಗಡಿಗೆ ಹೋಗಿ, “ಎರಡು ಕೆಂಕಿ ಕೊಡಮ್ಮ, ಖಾರ ಜಾಸ್ತಿ ಇರಲಿ,” ಎಂದರು. ತಿರುಗಿ ನೋಡಿದ ಸೆರ್ವಾಳ ಕೈಯಿಂದ ಸೌಟು ಪಾತ್ರೆಯೊಳಗೆ ಬಿತ್ತು.

“ಮೇಷ್ಟ್ರೇ, ನೀವು ತೀರ್ಕೊಂಡಿದೀರ,” ಅಂದಳು, ಅವರ ಮನಸ್ಸಿಗೆ ನೋವಾಗದ ಹಾಗೆ ಮೆಲ್ಲಗೆ.

“ಯಾರು ಹೇಳಿದ್ದು?”

“ಗೋಡೆ.”

ಗೋಡೆಯ ಮೇಲೆ ಕಪ್ಪು ಬಟ್ಟೆ ಹೊದ್ದ ಅವರದೇ ಚಿತ್ರ. ‘ದೇವರ ಕರೆ. 1951–2024.’

ಓಡಿ ಮನೆಗೆ ಬಂದರೆ ಅಂಗಳದಲ್ಲಿ ಶಾಮಿಯಾನ ಏಳುತ್ತಿತ್ತು. ಸಾವಿಗೆಂದು ಕಪ್ಪು ಕೆಂಪು ಬಟ್ಟೆ ತೊಟ್ಟು ಬಂದ ಜನ ಕುರ್ಚಿ ಹಿಡಿದಿದ್ದರು. ನಡುವೆ ಕುಲದ ಹಿರಿಯ ಓಪೊಕು ಮುಖ ಊದಿಸಿಕೊಂಡು ಕೂತಿದ್ದರು.

“ನೀನು ಸತ್ತಿದ್ದು ಮೊದಲು ನಂಗೆ ಗೊತ್ತಾಗ್ಬೇಕು ಕಣಯ್ಯ. ಗೋಡೆ ನೋಡಿ ತಿಳ್ಕೊಳ್ಳೋ ಹಾಗಾಯ್ತಲ್ಲ, ನನ್ನ ಮರ್ಯಾದೆ ಏನಾಗ್ಬೇಕು?”

“ನಾನು ಸತ್ತೇ ಇಲ್ಲವಲ್ಲ ಹಿರಿಯರೇ.”

“ಅದು ಬೇರೆ ಮಾತು. ಹೇಳಿ ಕಳಿಸಲಿಲ್ಲ ತಾನೆ?”

ಮೇಷ್ಟ್ರು ಕೆಂಡಾಮಂಡಲವಾಗಿ ಅಚ್ಚುಕೂಟಕ್ಕೆ ನುಗ್ಗಿದರು. ಸರ್ಪಾಂಗ ತಲೆ ಕೆರೆದುಕೊಂಡ.

“ಹೊಸಬ, ಮೇಷ್ಟ್ರೇ. ಕಪ್ಪು ಬಟ್ಟೆ ನೋಡಿದಾನೆ, ಗೆರೆ ನೋಡಿದಾನೆ. ಮನೆಯೋರು ದುಃಖದಲ್ಲಿ ಇಸವಿ ಬರೆಯೋದು ಮರೆತಿದಾರೆ ಅಂತ ತಾನೇ ತುಂಬಿದಾನೆ. ಆದ್ರೆ ಇಲ್ಲಿ ನೋಡಿ.”

ಅಲ್ಲೊಂದು ಪೆಟ್ಟಿಗೆ. ಒಳಗೆ ‘ನೂರು ವರ್ಷ ಬಾಳುವ ಬಗೆ’, ಮುನ್ನೂರು ಪ್ರತಿ, ಇನ್ನೂ ಮಸಿಯ ವಾಸನೆ. ಆರು ವರ್ಷದಲ್ಲಿ ಆಗದ್ದು ಸತ್ತ ಮೂರೇ ದಿನಕ್ಕೆ ಆಗಿತ್ತು. ಮೇಷ್ಟ್ರ ಸಿಟ್ಟು ಇಳಿದುಹೋಯಿತು. ಒಂದು ಪ್ರತಿಯನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟರು.

“ಹಿಂಬದಿ ಇಸವಿ ತಿದ್ದಿಸ್ಬೇಕಾ?” ಸರ್ಪಾಂಗ ಕೇಳಿದ. “ತಿದ್ದಿದ್ರೆ ಮತ್ತೆ ಬದುಕಿರೋರ ಸಾಲಿಗೆ ಹೋಗುತ್ತೆ.”

“ಬೇಡಪ್ಪ ಬೇಡ, ಹೀಗೇ ಇರಲಿ,” ಎಂದು ಮೇಷ್ಟ್ರು ಪೆಟ್ಟಿಗೆ ಹೊತ್ತು ಮನೆಗೆ ಬಂದು, ತಮ್ಮ ಸಾವಿಗೆ ಬಂದವರಿಗೆ ತಾವೇ ಕೈಯಾರೆ ಪುಸ್ತಕ ಹಂಚಿದರು. ಅಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ.

ಅಂಗಡಿ ಮುಚ್ಚಿ ಬಂದಿದ್ದ ಸೆರ್ವಾ ಮುಂದಿನ ಹೊದಿಕೆ ಓದಿದಳು. ತಿರುಗಿಸಿ ಹಿಂದಿನದನ್ನು ಓದಿದಳು. ಬೆರಳು ಮಡಚಿ ಲೆಕ್ಕ ಹಾಕಿದಳು.

“ಎಪ್ಪತ್ಮೂರು. ನೂರು ವರ್ಷದ ಗುಟ್ಟು ಬರೆದೋರೇ ಎಪ್ಪತ್ಮೂರಕ್ಕೆ ಹೋದ್ರೆ, ಓದಿದೋರ ಗತಿ ಏನು ಮೇಷ್ಟ್ರೇ?”

“ನಿನ್ನೆದುರಿಗೇ ನಿಂತಿದೀನಲ್ಲಮ್ಮ.”

“ಅಚ್ಚಾಗಿದೆಯಲ್ಲ. ಅಚ್ಚಾಗಿದ್ದು ಸುಳ್ಳಾಗಲ್ಲ ಅಂತ ಮೂರನೇ ಕ್ಲಾಸಲ್ಲಿ ನೀವೇ ಹೊಡೆದು ಕಲಿಸಿದ್ದು.”

ಅಲ್ಲಿದ್ದ ಅರ್ಧ ಜನ ಅವರ ಶಿಷ್ಯರೇ. ಓಪೊಕು ಮೊದಲು ಮಾಡಿ ಒಬ್ಬೊಬ್ಬರೂ ಪುಸ್ತಕವನ್ನು ಅಪಶಕುನ ಮುಟ್ಟಿದವರಂತೆ ಪೆಟ್ಟಿಗೆಗೆ ವಾಪಸು ಹಾಕಿದರು. ಮುನ್ನೂರರಲ್ಲಿ ಒಂದೂ ಕಡಿಮೆಯಾಗಲಿಲ್ಲ.

ಸಂಜೆ ಮೇಷ್ಟ್ರು ಅದೇ ಪೆಟ್ಟಿಗೆ ಹೊತ್ತು ಅಚ್ಚುಕೂಟಕ್ಕೆ ಬಂದರು.

“ಇಸವಿ ತೆಗೆದುಬಿಡಪ್ಪ. ಗೆರೆಯೂ ಬೇಡ. ಯಾವಾಗ ಕೊಡ್ತೀಯ?”

ಸರ್ಪಾಂಗ ಪೆಟ್ಟಿಗೆಯನ್ನು ಹಿಂದಿನ ಕಪಾಟಿಗೆ ತಳ್ಳಿ ಕೈ ಒರೆಸಿಕೊಂಡ.

“ಅವಸರ ಏನಿದೆ ಮೇಷ್ಟ್ರೇ? ನೂರು ವರ್ಷ ಬಾಳೋದು ಹೇಗೆ ಅಂತ ನಿಮಗೆ ಗೊತ್ತಲ್ಲ.”