ಗೆಗೆಸ್ಸೆನ್ ಅಂದರೆ ಉಂಡಾಗಿದೆ

"ತಮಿಳು, ಮಲಯಾಳ ಎಲ್ಡನ್ನೂವೆ ಬಸ್ನಲ್ಲಿ ನಿಂತ್ಕಂಡೇ ಕಲ್ತೋನು ನಾನು. ಜರ್ಮನ್ ಯಾವ ಲೆಕ್ಕ?" ಎಂದು ಹಂಗಳದ ನಿವೃತ್ತ ಕಂಡಕ್ಟರ್ ಚಿಕ್ಕಬಸವಯ್ಯನವರು ಹೆಂಡತಿಯ ಮುಂದೆ ಎದೆಯುಬ್ಬಿಸಿದರು. ಬಂಡೀಪುರದ ಹಕ್ಕಿಗಳ ಬಗ್ಗೆ ಓದಲು ಬಂದ ಜರ್ಮನಿಯ ಹುಡುಗಿ ಕ್ಲಾರಾ ಆ ಬೆಳಿಗ್ಗೆಯಷ್ಟೇ ಅವರ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದಳು. ಮೊಬೈಲ್ ಹಿಡಿದು ಅವರು ಮೊದಲು ಕಲಿತ ಮಾತು, ಇನ್ನೇನು, ಊಟದ್ದೇ.

"ಎಸ್ಸೆನ್ ಅಂದ್ರೆ ಉಣ್ಣೋದು. ಗೆಗೆಸ್ಸೆನ್ ಅಂದ್ರೆ ಉಂಡಾಗದೆ ಅಂತ. ಮಾತಿನ ಕೊನೇಲಿ ಬತ್ತದೆ, ನಮ್ಮಲ್ಲಿ ಬರೋ ಅಂಗೇಯ," ಎಂದು ಹೆಂಡತಿ ದೊಡ್ಡಮಾದಮ್ಮನಿಗೂ ಪಾಠ ಮಾಡಿದರು.

ಮಧ್ಯಾಹ್ನ ಕ್ಲಾರಾ ಗುಂಡ್ಲುಪೇಟೆಗೆ ಹೋಗಿ ಬಂದಳು. "ಗೆಗೆಸ್ಸೆನ್?" ಎಂದರು ಚಿಕ್ಕಬಸವಯ್ಯ. ಅವಳು ಬೆರಗಾಗಿ ನಕ್ಕು, "ಯಾ, ಗೆಗೆಸ್ಸೆನ್" ಎಂದಳು.

"ಊಂ ಅಂತಾವ್ಳೆ. ಉಂಡವ್ಳಂತೆ ಕಣಮ್ಮಿ."

"ಒಂದ್ಸಲ ಕೇಳುದ್ರೆ ಯಾರು ಉಂಡಿಲ್ಲ ಅಂದಾರು? ಸಂಕೋಚ ಅದು. ತಟ್ಟೆ ಆಕಿ."

ಮನೆಗೆ ಬಂದವರು ಹಸಿದಿದ್ದರೆ ಮಾದಮ್ಮನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ತಟ್ಟೆಗೆ ಎರಡು ಮುದ್ದೆ ಬಿದ್ದವು, ಮೇಲೆ ಅವರೆಕಾಳು ಸಾರು. ಹೋಟೆಲಿನಲ್ಲಿ ನಿಜಕ್ಕೂ ಹೊಟ್ಟೆ ತುಂಬ ತಿಂದು ಬಂದಿದ್ದ ಹುಡುಗಿ ಬೆವರುತ್ತ ಉಂಡಳು. ಗೋಡೆಯಾಚೆ ಇದೆಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ಚಿಕ್ಕನಿಂಗಮ್ಮ, "ಗೆಗೆಸ್ಸೆನ್ನಾ ಮಗ?" ಎನ್ನುತ್ತ ಪಾಯಸ ತಂದಳು. ಅದೂ ಒಳಗೆ ಹೋಯಿತು. ಸಂಜೆ ಕ್ಲಾರಾ ಹಕ್ಕಿ ನೋಡಲು ಹೋಗಲೇ ಇಲ್ಲ, ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

ಮಾರನೆಯ ದಿನ ಮಧ್ಯಾಹ್ನ ಮಾದಮ್ಮ ಗಂಡನಿಗೂ ಕ್ಲಾರಾಗೂ ಬಡಿಸಿದಳು. ಅವಳ ಪಾಲಿಗೆ ಒಂದೇ ಮುದ್ದೆ ಉಳಿದಿತ್ತು. ತಟ್ಟೆ ತೊಳೆದು ಬಂದ ಕ್ಲಾರಾ ಅಕ್ಕರೆಯಿಂದ, "ಗೆಗೆಸ್ಸೆನ್?" ಎಂದು ಕೇಳಿದಳು.

"ಯಾ, ಯಾ" ಎಂದಳು ಮಾದಮ್ಮ, ಇನ್ನೊಂದು ಸಲ ಕೇಳಲಿ ಎಂದು ಕಾಯುತ್ತ. ಕ್ಲಾರಾ ಕೇಳಲಿಲ್ಲ. ಮಾತು ನಂಬಿದಳು. ಉಳಿದ ಮುದ್ದೆಯನ್ನು ಹಿತ್ತಲ ನಾಯಿಗೆ ಹಾಕಿ, ಪಾತ್ರೆಯನ್ನೂ ತೊಳೆದಿಟ್ಟು ತನ್ನ ಕೋಣೆಗೆ ಹೋದಳು.

ಚಿಕ್ಕಬಸವಯ್ಯನವರಿಗೆ ನಗು ತಡೆಯಲಾಗಲಿಲ್ಲ. "ಒಂದ್ಸಲ ಕೇಳಿ ನಂಬ್ಬುಡೋದಾ? ಮನೆ ಎಂಗಸು ಉಂಡಾಯ್ತು ಅಂದ್ರೆ ಉಂಡಿರ್ತಾಳಾ? ಅಷ್ಟೂ ತಿಳಿಯಕಿಲ್ವಲ್ಲ ಆ ಹುಡ್ಗಿಗೆ!"

ಮಾದಮ್ಮ ಒಂದು ಚೊಂಬು ನೀರು ಕುಡಿದು ಬಾಯಿ ಒರೆಸಿಕೊಂಡಳು.

"ನೀವೂ ಅಷ್ಟೇಯ. ಮದ್ವೆ ಆದಾಗ್ಲಿಂದ ಒಂದೊಂದೇ ಸಲ ಕೇಳ್ಕಂಡು ಬಂದಿರೋದು."

ನಗು ಅಲ್ಲೇ ನಿಂತಿತು. ಚಿಕ್ಕಬಸವಯ್ಯನವರು ಎದ್ದು ಹೋಗಿ ಒಲೆ ಹಚ್ಚಿದರು. ಆಮೇಲೆ, ಒಂದು ಮುದ್ದೆಗೆ ಎಷ್ಟು ನೀರಿಡಬೇಕೆಂದು ಕೇಳಲು ಹೆಂಡತಿಯ ಹತ್ತಿರವೇ ವಾಪಸು ಬಂದರು.