ಧನುರ್ಮಾಸದಲ್ಲಿ ಬಾಗಿಲು ತಟ್ಟುವ ಕೆಲಸ

ನನಗೆ ದೇವರಲ್ಲಿ ನಂಬಿಕೆಯಿಲ್ಲ. ಇದನ್ನು ಹೇಳಿಕೊಳ್ಳುವುದರಲ್ಲಿ ದೊಡ್ಡ ಧೈರ್ಯವೇನೂ ಇಲ್ಲ. ವರ್ಷದ ಹೆಚ್ಚಿನ ದಿನಗಳಲ್ಲಿ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಶಾರದೆ ದೇವರ ಮುಂದೆ ದೀಪ ಹಚ್ಚುತ್ತಾಳೆ, ನಾನು ಪೇಪರು ಓದುತ್ತೇನೆ, ಆಮೇಲೆ ಇಬ್ಬರೂ ಕೂತು ಒಂದೇ ಬಾಣಲೆಯ ಉಪ್ಪಿಟ್ಟು ತಿನ್ನುತ್ತೇವೆ. ಸತ್ಯನಾರಾಯಣ ಎಂಬ ಹೆಸರಿಟ್ಟುಕೊಂಡು ಇದೆಂಥ ನಾಸ್ತಿಕತನ ಎಂದು ಕೆಲವರು ಕೇಳಿದ್ದುಂಟು. ಹೆಸರಿಡುವಾಗ ನನ್ನ ಅಭಿಪ್ರಾಯ ಕೇಳಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಆದರೆ ಡಿಸೆಂಬರು ಬಂತೆಂದರೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಆ ತಿಂಗಳು ಭಕ್ತಿ ಮನೆಯೊಳಗಿಂದ ಎದ್ದು ಬೀದಿಗೆ ಬಂದು ನಿಲ್ಲುತ್ತದೆ. ಯಶವಂತಪುರದ ನಮ್ಮ ಆಫೀಸಿನಲ್ಲಿ ಹನ್ನೊಂದು ತಿಂಗಳು ಎಲ್ಲರನ್ನೂ ಗದರಿಸುತ್ತಿದ್ದ ಸೆಕ್ಷನ್ ಮುಖ್ಯಸ್ಥರು ಮಾಲೆ ಹಾಕಿಕೊಂಡು, ಕಪ್ಪು ಪಂಚೆಯುಟ್ಟು, ಬರಿಗಾಲಲ್ಲಿ ಬಂದು, "ಸ್ವಾಮಿ, ಆ ಫೈಲ್ ಸ್ವಲ್ಪ ಕೊಡಿ ಸ್ವಾಮಿ" ಎನ್ನುತ್ತಾರೆ. ನಾವೂ ಅವರನ್ನು ಸ್ವಾಮಿ ಎನ್ನಬೇಕು. ನಾನು ಅಭ್ಯಾಸಬಲದಿಂದ "ಸಾರ್" ಎಂದುಬಿಟ್ಟರೆ, ನಾನೇನೋ ಬೈದೆನೆಂಬಂತೆ ಇಡೀ ಸೆಕ್ಷನ್ ತಲೆಯೆತ್ತಿ ನೋಡುತ್ತದೆ.

ಆಫೀಸಿನದು ಹೇಗೋ ಸಹಿಸಬಹುದಿತ್ತು. ನಿಜವಾದ ತೊಂದರೆ ಇದ್ದದ್ದು ಗಂಗಾನಗರದ ನಮ್ಮ ಮನೆಯ ಹತ್ತಿರ. ಎಂಬತ್ತರ ದಶಕದ ಆರಂಭದ ಮಾತು. ಆಗ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಚಾವಣಿಯ ಒಂದು ಪುಟ್ಟ ವೆಂಕಟರಮಣನ ಗುಡಿ. ಧನುರ್ಮಾಸ ಹುಟ್ಟಿದ ಕೂಡಲೇ ಗುಡಿಯವರು ಒಂದು ಧ್ವನಿವರ್ಧಕ ತಂದು ಮರಕ್ಕೆ ಕಟ್ಟಿದರು. ಮರ ಗುಡಿಯದು, ಆದರೆ ಅದರ ಕೊಂಬೆ ನನ್ನ ಮಲಗುವ ಕೋಣೆಯ ಕಿಟಕಿಯ ಕಡೆಗೆ ಚಾಚಿತ್ತು. ಬೆಳಗಿನ ನಾಲ್ಕೂವರೆಗೆ ದೇವರ ಹಾಡು ಶುರುವಾದರೆ ನನ್ನ ಮಂಚದ ಕೆಳಗಿದ್ದ ಟ್ರಂಕು ಸಹ ತಾಳ ಹಾಕುತ್ತಿತ್ತು.

ಮೂರು ದಿನ ತಾಳಿಕೊಂಡೆ. ನಾಲ್ಕನೆಯ ದಿನ ಗುಡಿಯ ಸಮಿತಿಯ ಅಧ್ಯಕ್ಷರಾದ ರಾಮಸ್ವಾಮಯ್ಯನವರ ಮನೆಗೆ ಹೋದೆ. ಅವರು ನಿವೃತ್ತ ಪೋಸ್ಟ್‌ಮಾಸ್ಟರು. ಯಾವ ದೂರನ್ನೂ ಪೂರ್ತಿ ಕೇಳಿಸಿಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ಆಮೇಲೆ ಬಂದವರಿಗೇ ವಾಪಸು ಕೊಡುವ ಶಿಸ್ತಿನ ಮನುಷ್ಯ.

"ದೇವರಿಗೆ ಮೈಕ್ ಯಾಕೆ ಬೇಕು ಅಂತ ಕೇಳ್ತೀರಲ್ಲ ಸತ್ಯನಾರಾಯಣ್, ಖಂಡಿತ ಬೇಡ. ದೇವರು ಎದ್ದೇ ಇರ್ತಾನೆ. ಮೈಕ್ ಇರೋದು ಭಕ್ತರಿಗೆ. ಅದಿಲ್ದಿದ್ರೆ ಒಬ್ರೂ ಏಳಲ್ಲ," ಎಂದರು.

"ಹಾಗಾದ್ರೆ ಬರೋ ಭಕ್ತರ ಪಟ್ಟಿ ಮಾಡಿ, ಅವರ ಮನೆ ಬಾಗಿಲು ಮಾತ್ರ ತಟ್ಟಿ. ಉಳಿದವರು ಮಲಗ್ಲಿ," ಎಂದೆ.

ಇಷ್ಟು ಹೇಳಿ ಸುಮ್ಮನೆ ಮನೆಗೆ ಬಂದಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ರಾಮಸ್ವಾಮಯ್ಯನವರು ಮರುದಿನ ಸಂಜೆ ಗುಡಿಯಲ್ಲಿ ಸಭೆ ಕರೆದು, ನನ್ನನ್ನೂ ಕೂರಿಸಿಕೊಂಡು, ನನ್ನ ಸಲಹೆಯನ್ನು ಮುಂದಿಟ್ಟರು. ಎಲ್ಲರಿಗೂ ಬಹಳ ಹಿಡಿಸಿತು. ನಮ್ಮನ್ನು ತಟ್ಟಿ, ನಮ್ಮನ್ನು ತಟ್ಟಿ ಎಂದು ಇಪ್ಪತ್ತೆರಡು ಮನೆಯವರು ಹೆಸರು ಬರೆಸಿದರು. ಆಮೇಲೆ, ತಟ್ಟುವವರು ಯಾರು ಎಂಬ ಪ್ರಶ್ನೆ ಬಂತು. ಒಬ್ಬೊಬ್ಬರೇ ನೆಪ ತೆಗೆದರು. ಒಬ್ಬರಿಗೆ ಇಬ್ಬನಿ ಆಗುವುದಿಲ್ಲ, ಒಬ್ಬರಿಗೆ ಬೀದಿ ನಾಯಿ ಆಗುವುದಿಲ್ಲ, ಒಬ್ಬರಿಗೆ ಬಿ.ಪಿ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಮುನಿಶಾಮಪ್ಪ ಗಂಟಲು ಸರಿಮಾಡಿಕೊಂಡರು. ನಮ್ಮ ಬಡಾವಣೆ ಎದ್ದಿದ್ದು ಅವರ ಹೊಲದ ಮೇಲೆಯೇ. ಹೊಲ ಹೋದರೂ ಹಸುಗಳನ್ನು ಬಿಡದೆ, ನಮಗೆಲ್ಲ ಹಾಲು ಕೊಡುತ್ತಿದ್ದವರು.

"ಇಂಗೆ ಕುಂತ್ರೆ ಆಗಾಕಿಲ್ಲ. ಇವ್ರಿಗೆ ಎಂಗೂ ನಿದ್ದೆ ಬರಾಕಿಲ್ಲಾಂತ ಇವ್ರೇ ಯೋಳ್ತಾವ್ರಲ್ಲ. ಇವ್ರೇ ಬಾಗ್ಲು ಬಡೀಲಿ ಬುಡಿ," ಎಂದು ನನ್ನ ಕಡೆ ಕೈ ತೋರಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ರಾಮಸ್ವಾಮಯ್ಯನವರು ಒಂದು ಷರತ್ತನ್ನೂ ಸೇರಿಸಿದರು. ವೈಕುಂಠ ಏಕಾದಶಿಯ ಬೆಳಗಿನ ಪೂಜೆಗೆ ಹತ್ತು ಜನ ಸೇರಬೇಕು. ಒಬ್ಬರು ಕಡಿಮೆಯಾದರೂ ಮೈಕ್ ಮತ್ತೆ ಮರ ಹತ್ತುತ್ತದೆ.

ಹೀಗೆ ನಾನು ಬೆಳಗಿನ ನಾಲ್ಕು ಗಂಟೆಗೆ ಮಂಕಿ ಕ್ಯಾಪ್ ಹಾಕಿಕೊಂಡು, ಟಾರ್ಚು ಹಿಡಿದು, ಭಕ್ತರನ್ನು ಎಬ್ಬಿಸಲು ಹೊರಟೆ. ಶಾರದೆ ಕಂಬಳಿಯೊಳಗಿಂದಲೇ, "ಮೈಕ್ ಇದ್ದಾಗ ನಾಲ್ಕೂವರೆಗೆ ಎಚ್ಚರ ಆಗ್ತಿತ್ತು. ಈಗ ನಾಲ್ಕಕ್ಕೇ ಏಳ್ತಿದೀರಿ. ಇದರಲ್ಲಿ ನೀವು ಗೆದ್ದಿದ್ದು ಏನು ಅಂತ ಒಂಚೂರು ಹೇಳಿ ಹೋಗಿ," ಎಂದಳು. ಇದು ತತ್ತ್ವದ ವಿಷಯ ಎಂದು ಹೇಳಿ ಮಂಜಿನೊಳಗೆ ಇಳಿದೆ.

ಮೊದಲನೆಯ ಮನೆಯಲ್ಲಿ ಕಳ್ಳ ಎಂದು ಕೂಗಿದರು. ಎರಡನೆಯ ಮನೆಯವರು, "ಐದು ನಿಮಿಷ ಬಿಟ್ಟು ಇನ್ನೊಂದ್ಸಲ ಬನ್ನಿ" ಎಂದರು. ಮೂರನೆಯವರು, ಬಾಗಿಲು ಬೇಡ, ಕಿಟಕಿ ತಟ್ಟಿ ಎಂದರು. ಕಿಟಕಿ ತಟ್ಟಿದರೆ ಗೊರಕೆ ಉತ್ತರ ಕೊಟ್ಟಿತು. ಮೂರು ಸುತ್ತು ಹಾಕಿ ಗುಡಿಗೆ ಹೋದರೆ ಅಲ್ಲಿದ್ದದ್ದು ಅರ್ಚಕರು, ರಾಮಸ್ವಾಮಯ್ಯ ದಂಪತಿ, ಮುನಿಶಾಮಪ್ಪ, ಇನ್ನೂ ಇಬ್ಬರು. ಅರ್ಚಕರು ಮಂಗಳಾರತಿಗೆ ಗಂಟೆ ಬಾರಿಸುವವರಿಲ್ಲವೆಂದು ಹಗ್ಗವನ್ನು ನನ್ನ ಕೈಗೆ ಕೊಟ್ಟರು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದೆ. "ನಂಬಿಕೆ ಇರ್ಲಿ ಬಿಡಿ, ಈಗ ಕೈ ಸಾಕು," ಎಂದರು. ಬಾರಿಸಿದೆ. ಆಮೇಲೆ ಕೊಟ್ಟ ಮೆಣಸಿನ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡೆ. ಹುಗ್ಗಿಯ ವಿಷಯದಲ್ಲಿ ನನಗೆ ಯಾವತ್ತೂ ಸಂಶಯವಿರಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ವಿಚಿತ್ರವೊಂದು ಶುರುವಾಯಿತು. ಒಂದು ಸಂಜೆ ಎದುರು ಸಾಲಿನ ಬ್ಯಾಂಕ್ ಅಧಿಕಾರಿ ಶ್ರೀಪತಿ ಮನೆಗೆ ಬಂದರು. ಕಾಫಿ ಕುಡಿದು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು. "ಸಾರ್, ಈ ನಾಸ್ತಿಕ ಆಗೋಕೆ ಏನ್ ಮಾಡ್ಬೇಕು?"

"ಯಾಕ್ರೀ?"

"ಏನಿಲ್ಲ, ಸಂಕ್ರಾಂತಿವರೆಗೆ ಸಾಕು. ಆಮೇಲೆ ವಾಪಸ್ ಬರ್ತೀನಿ. ನಾಸ್ತಿಕರ ಮನೆ ನೀವು ತಟ್ಟಲ್ಲ ಅಲ್ವಾ, ಅದಕ್ಕೆ ಕೇಳ್ದೆ. ಸುಮ್ನೆ ಹೆಸರು ತೆಗೆಸಿದ್ರೆ ನಮ್ಮ ಮನೇಲಿ ಬೈತಾರೆ ಸಾರ್."

ಹತ್ತು ಜನ ಸೇರದಿದ್ದರೆ ಮೈಕ್ ಬರುತ್ತದೆ. "ಹಾಗೆಲ್ಲ ಅನ್ನಬಾರದು ಶ್ರೀಪತಿ," ಎಂದೆ. "ವಿದ್ಯಾವಂತರು ನೀವು. ಸ್ವಲ್ಪ ಯೋಚನೆ ಮಾಡಿ. ಈ ಸೂರ್ಯ, ಈ ಚಂದ್ರ, ಇದನ್ನೆಲ್ಲ ನಡೆಸೋಕೆ ಒಬ್ಬ ಬೇಡ್ವೇನ್ರಿ?"

ಅಡಿಗೆಮನೆಯಲ್ಲಿ ಶಾರದೆಯ ಕೈಯಿಂದ ಲೋಟ ಬಿದ್ದ ಸದ್ದಾಯಿತು. ನಾನು ನಿಲ್ಲಿಸಲಿಲ್ಲ. ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳನ್ನೆಲ್ಲ ನೆನೆನೆನೆದು ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು, ಶ್ರೀಪತಿಯವರನ್ನು ಮತ್ತೆ ಆಸ್ತಿಕರನ್ನಾಗಿ ಮಾಡಿಯೇ ಕಳಿಸಿದೆ. ಮರುದಿನ ಇನ್ನಿಬ್ಬರು ಬಂದರು. ಅವರಿಗೂ ಸೂರ್ಯ ಚಂದ್ರರನ್ನು ತೋರಿಸಿದೆ. ಆ ತಿಂಗಳು ಗಂಗಾನಗರದಲ್ಲಿ ದೇವರ ಪರವಾಗಿ ಅಷ್ಟೊಂದು ವಾದ ಮಾಡಿದವರು ಬೇರೆ ಯಾರೂ ಇರಲಾರರು. ಅರ್ಚಕರಿಗೂ ಅಷ್ಟು ಪುರುಸೊತ್ತಿರಲಿಲ್ಲ.

ಈ ನಡುವೆ ಪಕ್ಕದ ಮನೆಯ ಸ್ಟೆಲ್ಲಾ ಟೀಚರ್ ಕಾಂಪೌಂಡಿನ ಆಚೆಯಿಂದ ಕರೆದರು. ಬಾಗಿಲಲ್ಲಿ ಕಾಗದದ ನಕ್ಷತ್ರ ತೂಗುಹಾಕಿ ಆಗಿತ್ತು. "ಸಾರ್, ಕ್ರಿಸ್‌ಮಸ್ ದಿನ ಚರ್ಚಲ್ಲಿ ಬೆಳಿಗ್ಗೆ ಐದಕ್ಕೇ ಆರಾಧನೆ. ನಮ್ಮ ಗಡಿಯಾರ ಕೆಟ್ಟಿದೆ. ಹೇಗೂ ಎಲ್ಲರ ಮನೇನೂ ತಟ್ತೀರಲ್ಲ, ನಮ್ದೂ ಒಂದು ತಟ್ಟಿಬಿಡಿ," ಎಂದರು. ತಟ್ಟಿದೆ. ಇಡೀ ತಿಂಗಳಲ್ಲಿ ಒಂದೇ ಏಟಿಗೆ ತೆರೆದ ಬಾಗಿಲು ಅದೊಂದೇ. ಸೀರೆಯುಟ್ಟು, ತಲೆಬಾಚಿ, ಸಿದ್ಧರಾಗಿ ನಿಂತಿದ್ದ ಟೀಚರು ನನಗೆ ಬಿಸಿ ಕಾಫಿಯನ್ನೂ ಒಂದು ತುಂಡು ಕೇಕನ್ನೂ ಕೊಟ್ಟರು. ಆ ಸಂತೋಷದಲ್ಲಿ ನಾನು ಉಳಿದ ಇಪ್ಪತ್ತೆರಡು ಮನೆಗಳ ಮುಂದೆಯೂ ನಿಂತು, "ನೋಡಿ ಕಲೀರಿ, ಅವರು ಆಗಲೇ ಹೊರಟರು," ಎಂದು ಕೂಗಿಕೊಂಡು ಬಂದೆ.

ವೈಕುಂಠ ಏಕಾದಶಿ ಬಂತು. ಅಂದು ಕತ್ತಲಲ್ಲಿ ಮೊದಲ ಮನೆಗೆ ಹೋದರೆ ಬೀಗ. ಎರಡನೆಯದಕ್ಕೂ ಬೀಗ. ಶ್ರೀಪತಿಯವರ ಮನೆಗೂ ಬೀಗ. ಹಿಂದೆ ಮುಂದೆ ಓಡಾಡಿದ ಮೇಲೆ ಅರ್ಥವಾಯಿತು: ನಮ್ಮ ಭಕ್ತರೆಲ್ಲ ಯಾರೂ ಎಬ್ಬಿಸದೆ ಮೂರು ಗಂಟೆಗೇ ಎದ್ದು, ಸ್ನಾನ ಮಾಡಿ, ವೈಕುಂಠದ ಬಾಗಿಲು ಅಗಲವಾಗಿರುವ ಊರೊಳಗಿನ ದೊಡ್ಡ ದೇವಸ್ಥಾನಕ್ಕೆ ಸಾಲು ಹಿಡಿಯಲು ಹೋಗಿದ್ದರು. ಓಡಿಬಂದು ಶಾರದೆಯನ್ನು ಎಬ್ಬಿಸಿದೆ. ಮುನಿಶಾಮಪ್ಪನವರ ಮನೆಗೆ ಹೋಗಿ ಕೈಮುಗಿದೆ. ಅವರು ಹಸುಗಳ ಕೆಲಸ ಬಿಟ್ಟು ಹೆಂಡತಿ, ಮಗ, ಸೊಸೆ, ತಂಗಿ ಎಲ್ಲರನ್ನೂ ಕರೆದುಕೊಂಡು ಬಂದರು.

ರಾಮಸ್ವಾಮಯ್ಯನವರು ಕನ್ನಡಕ ಹಾಕಿಕೊಂಡು ಎಣಿಸಿದರು. "ನಾವಿಬ್ರು, ಮುನಿಶಾಮಪ್ಪನ ಮನೆಯವರು ಐದು, ನಿಮ್ಮ ಮನೆಯವರು ಒಂದು. ಎಂಟಾಯ್ತು. ಅರ್ಚಕರನ್ನ ಎಣಿಸೋ ಹಾಗಿಲ್ಲ, ಅವರ ಕೆಲಸ ಅದು."

"ಇವ್ರು?" ಎಂದು ಮುನಿಶಾಮಪ್ಪ ನನ್ನನ್ನು ತೋರಿಸಿದರು.

"ಅವರು ಭಕ್ತರಲ್ವಲ್ಲ."

"ನೀವು ಸಭೇಲಿ ಹತ್ತು ಜನ ಅಂದ್ರಿ. ಹತ್ತು ಭಕ್ತರು ಅನ್ಲಿಲ್ಲ," ಎಂದೆ. ರಾಮಸ್ವಾಮಯ್ಯನವರು ಆ ಮಾತನ್ನೂ ಎರಡೂ ಕಡೆ ತಿರುಗಿಸಿ ನೋಡಿ, "ಜನ ಅಂದಿದ್ದು ನಿಜ. ಒಂಬತ್ತು," ಎಂದರು.

ಅಷ್ಟರಲ್ಲಿ ಸ್ಟೆಲ್ಲಾ ಟೀಚರು ಹಾಲಿನ ಪಾತ್ರೆ ಹಿಡಿದು ಗುಡಿಯ ಮೆಟ್ಟಿಲ ಹತ್ತಿರ ಬಂದರು. "ಮುನಿಶಾಮಪ್ಪ, ಮನೇಲಿ ಯಾರೂ ಇಲ್ಲ, ಹಾಲು ಕರೆದಿಲ್ಲ, ಎಲ್ಲಿ ಹೋದ್ರಿ ಅಂತ ಹುಡುಕ್ತಾ ಬಂದೆ," ಎಂದರು. ಎಲ್ಲರೂ ಅವರನ್ನೇ ನೋಡಿದೆವು. "ಅಲ್ಲೇ ನಿಲ್ಲಿ ಟೀಚರ್," ಎಂದೆ. "ಐದು ನಿಮಿಷ. ಏನೂ ಮಾಡ್ಬೇಡಿ, ಸುಮ್ನೆ ಜನ ಆಗಿರಿ ಸಾಕು." ಅವರು ಏನೂ ಅರ್ಥವಾಗದೆ ಪಾತ್ರೆ ಎದೆಗವುಚಿಕೊಂಡು ನಿಂತರು. ರಾಮಸ್ವಾಮಯ್ಯನವರು, "ಹತ್ತು," ಎಂದರು. ನಾನು ಅಂದು ಬಾರಿಸಿದ ಗಂಟೆ ಹೆಬ್ಬಾಳದ ಕೆರೆಯ ತನಕ ಕೇಳಿಸಿರಬೇಕು.

ಮೈಕ್ ಬರಲಿಲ್ಲ. ಸಂಕ್ರಾಂತಿ ಬಂತು, ಧನುರ್ಮಾಸ ಮುಗಿಯಿತು, ಎಳ್ಳು ಬೆಲ್ಲ ಹಂಚಿದ್ದಾಯಿತು. ಇನ್ನು ಕಣ್ತುಂಬ ನಿದ್ದೆ ಮಾಡುತ್ತೇನೆ ಎಂದು ಶಾರದೆಗೆ ಹೇಳಿ ಮಲಗಿದೆ. ಬೆಳಗಿನ ನಾಲ್ಕಕ್ಕೆ ಕಣ್ಣು ತೆರೆಯಿತು. ಮಗ್ಗುಲಾದೆ, ಕಂಬಳಿ ಎಳೆದುಕೊಂಡೆ, ನೂರರಿಂದ ಹಿಂದಕ್ಕೆ ಎಣಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಎದ್ದು ಮಂಜಿನಲ್ಲಿ ಸುಮ್ಮನೆ ನಡೆದೆ. ಕಾಲು ತಾನಾಗಿ ಗುಡಿಯ ಕಡೆ ಹೋಯಿತು. ಬಾಗಿಲು ಮುಚ್ಚಿತ್ತು. ಪಕ್ಕದಲ್ಲೇ ಇದ್ದ ಅರ್ಚಕರ ಮನೆ ತಟ್ಟಿದೆ. ಒಳಗಿಂದ ನಿದ್ದೆಗಣ್ಣಿನ ದನಿ ಬಂತು: "ಧನುರ್ಮಾಸ ಮುಗೀತಲ್ರೀ. ಇನ್ನು ಆರೂವರೆಗೆ ಬನ್ನಿ. ದೇವರೂ ಒಂಚೂರು ಮಲಗ್ಲಿ."

ಹಿಂದೆ ಯಾರೋ ಕೆಮ್ಮಿದರು. ಹಸು ಹಿಡಿದುಕೊಂಡು ಹೊರಟಿದ್ದ ಮುನಿಶಾಮಪ್ಪ ನಿಂತು ನನ್ನನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು.

"ಒಂದು ಮಾತು ಯೋಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ ಸೋಮಿ," ಎಂದರು. "ಬಕ್ತಿ ಇರ್ಬೇಕು. ಆದ್ರೆ ಇಷ್ಟೊಂದ್ ಇರ್ಬಾರ್ದು. ಮನೇಲಿ ಎಂಡ್ತಿ ಅವ್ರೆ, ಆಪೀಸೈತೆ."

ನಾನು ಭಕ್ತನಲ್ಲ, ನಾಸ್ತಿಕ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಾಲಿಗೆ ಕಲ್ಲು ತಣ್ಣಗೆ ಕೊರೆಯುತ್ತಿರುವುದು ಗೊತ್ತಾಗಿ ಕೆಳಗೆ ನೋಡಿದೆ. ಯಾವಾಗಲೋ ಏನೋ, ನನಗೇ ತಿಳಿಯದಂತೆ ಚಪ್ಪಲಿಗಳನ್ನು ಗುಡಿಯ ಮೆಟ್ಟಿಲ ಕೆಳಗೆ ಜೋಡಿಸಿಟ್ಟು ಬಂದಿದ್ದೆ.

"ಇನ್ಮೇಲೆ ಕಮ್ಮಿ ಮಾಡ್ತೀನಿ," ಎಂದೆ.